ಬಿಲ್ಲು ಗಂಡಿನ ಹೆಸರಿಗೆ

ಹೊಸ ಅಗ್ರಹಾರದಿಂದ ತಂಗಿ ಪೂಜಾ ಫೋನು ಮಾಡಿದಾಗ ನಾನು ಪಿರಿಯಾಪಟ್ಟಣದ ಕಾಲೇಜಿನಲ್ಲಿ ಬಿ.ಕಾಂ.ನವರಿಗೆ ಸರಕು ಮಾರಾಟದ ಕಾಯ್ದೆ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆ. ಕಂಡಿಷನ್ ಬೇರೆ, ವಾರಂಟಿ ಬೇರೆ ಅಂತ ಒಂದು ಪೀರಿಯಡ್ ಪೂರ್ತಿ ಕೂಗಿ ಗಂಟಲು ಒಣಗಿತ್ತು. ಕೈಗೆ ಹತ್ತಿದ್ದ ಸೀಮೆಸುಣ್ಣ ರಿಸೀವರಿಗೂ ಹತ್ತಿತು.

"ಅಣ್ಣ, ಫ್ರಿಜ್ಜು ಕೆಟ್ಟೋಯ್ತು."

"ಕರೆಂಟ್ ಐತಾ ನೋಡ್ದಾ?"

"ಕರೆಂಟ್ ಐತೆ. ಬಾಗಿಲು ತೆಗದ್ರೆ ದೀಪ ಉರೀತದೆ. ತಣ್ಣಗಾಗಲ್ಲ ಅಷ್ಟೆ. ಕೆ.ಆರ್. ನಗರದಿಂದ ಮೆಕ್ಯಾನಿಕ್ ಬಂದು ನೋಡ್ದ. ಕಾಯಿಲ್ ತೂತಾಗದೆ, ಗ್ಯಾಸೆಲ್ಲ ಹೋಗದೆ ಅಂದ."

"ಕಾಯಿಲ್‌ಗೇ ಕಾಯಿಲೆ ಅನ್ನು."

ಅವಳು ನಗಲಿಲ್ಲ. ಪೂಜಾ ನನ್ನ ಮಾತಿಗೆ ನಗದೆ ಇದ್ದದ್ದು ಬಹುಶಃ ಅದೇ ಮೊದಲು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನಗಿಸುವುದೂ ನಾನೇ, ಮದುವೆ ಮಾಡುವುದೂ ನಾನೇ ಆಗಿದ್ದೆ.

"ಕಂಪನಿಯೋರ ವಾರಂಟಿ ಒಂದೇ ವರ್ಷವಂತೆ, ಮುಗ್ದೋಗದೆ ಅಂದ್ರು. ನಾನು ಇಲ್ಲಿ ಎಲ್ರಿಗೂ ಎರಡು ವರ್ಷ ಅಂತ ಹೇಳ್ಬುಟ್ಟಿದೀನಿ ಕಣಣ್ಣ."

"ಎರಡೇ. ಇನ್ನೊಂದು ವರ್ಷ ಕಾರ್ಡ್‌ನೋರು ಕೊಡ್ತಾರೆ. ಸುಮ್ನಿರು, ನಾನಿದೀನಿ."

"ನೀನಿರದು ಬೇಡ. ಕಾರ್ಡ್‌ನೋರು ಇರ್ಲಿ" ಅಂದಳು. "ನೀನು ಕೈಯಿಂದ ದುಡ್ಡು ಹಾಕಿ ಮಾಡಿಸ್ಬುಟ್ಟು, ವಾರಂಟೀಲಿ ಆಯ್ತು ಅಂತ ಸುಳ್ಳು ಹೇಳ್ಬೇಡ. ಅತ್ತೆಗೆ ಗೊತ್ತಾಗೇ ಆಗ್ತದೆ. ಈ ಮನೇಲಿ ನಾನು ಅನ್ನ ಬೆಂದದೆ ಅಂದ್ರೂ ಒಂದು ಅಗುಳು ಹಿಸುಕಿ ನೋಡ್ತಾರೆ. ಇದೊಂದು ಮಾತು ನಿಜ ಆಗ್ಬೇಕು."

ಫೋನು ಇಟ್ಟಳು.

ಆ ಎರಡು ವರ್ಷದ ಮಾತು ಅವಳ ಬಾಯಿಗೆ ಬಂದದ್ದು ನನ್ನಿಂದ. ಹಿಂದಿನ ವರ್ಷ ಮೈಸೂರಿನಲ್ಲಿ ಬಣ್ಣದ ಕೊಡೆಯ ಕೆಳಗೆ ಟೈ ಕಟ್ಟಿಕೊಂಡು ನಿಂತಿದ್ದವನೊಬ್ಬ ನನ್ನನ್ನು ಹಿಡಿದು ಕ್ರೆಡಿಟ್ ಕಾರ್ಡು ಮಾಡಿಸಿದ್ದ. ನಮ್ಮ ಕಾಲೇಜಿಗೆ ಅದೇ ಮೊದಲ ಕಾರ್ಡು. ಸಹೋದ್ಯೋಗಿಗಳು ಅದನ್ನು ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು ನೋಡಿ, 'ಕೆಡಿಸಿಟ್ಟ ಕಾರ್ಡು' ಅಂತ ಹೆಸರಿಟ್ಟರು. ಈ ಕಾರ್ಡಿನಲ್ಲಿ ಎಲೆಕ್ಟ್ರಾನಿಕ್ ಸಾಮಾನು ಕೊಂಡರೆ ಕಂಪನಿ ಎಷ್ಟು ಕಾಲ ವಾರಂಟಿ ಕೊಡುತ್ತದೋ ಅಷ್ಟೇ ಕಾಲ ಆಮೇಲೆ ನಮ್ಮದೂ ಇರುತ್ತದೆ ಅಂತ ಆ ಟೈಯವನು ಹೇಳಿದ್ದ. ಮನೆಗೆ ಬಂದು ಪೂಜಾಳ ಮುಂದೆ, ಟೈ ಇಲ್ಲದ್ದಕ್ಕೆ ಟವೆಲ್ಲು ಕಟ್ಟಿಕೊಂಡು, ಅವನ ಹಾಗೇ ಕತ್ತು ಕೊಂಕಿಸಿ ಅಂದಿದ್ದೆ: "ಸಾರ್, ಯೂ ಆರ್ ಡಬ್ಬಲ್ ಪ್ರೊಟೆಕ್ಟೆಡ್ ಸಾರ್! ಕಂಪನಿ ಕೈಬಿಟ್ರೂ ನಾವ್ ಕೈಬಿಡಲ್ಲ ಸಾರ್!" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮದುವೆಯಾಗಿ ಹೋದ ಮೇಲೆ ಗಂಡನ ಮನೆಯಲ್ಲಿ ಅದನ್ನೇ ನಗದೆ ಹೇಳಿದ್ದಳು.

ಫ್ರಿಜ್ಜು ಕೊಂಡದ್ದು ಹುಣಸೂರಿನ ಕಂಠಪ್ಪನ ಅಂಗಡಿಯಲ್ಲಿ. ಮಿಕ್ಸಿ, ಫ್ಯಾನು, ಟೀವಿ, ಫ್ರಿಜ್ಜು ಮಾರುವ ಕಂಠಪ್ಪನಿಗೆ ಆ ಸೀಮೆಯ ಮದುವೆಗಳೆಲ್ಲ ಗೊತ್ತು. ಮದುವೆ ಸಾಮಾನು ಅಂದರೆ ಬಿಲ್ಲು ಮದುವೆಗಂಡಿನ ಹೆಸರಿಗೆ ಬರೆಯುವುದು ಅವನ ಅಂಗಡಿಯ ಪದ್ಧತಿ.

"ಹೆಣ್ಣಿನ ಕಡೆಯೋರ ಹೆಸರಿಗೆ ಬರೆದ್ರೆ ಕೊಟ್ಟಿದ್ದೋ, ಎರವಲು ಕೊಟ್ಟಿದ್ದೋ ಅಂತ ಮಾತು ಬತ್ತದೆ ಸಾ. ನಾನು ಕಣ್ಣಾರೆ ನೋಡಿದೀನಿ. ಬೀಗ್ರು ಬಿಲ್ಲು ಕೇಳೇ ಕೇಳ್ತಾರೆ. ಗಂಡಿನ ಹೆಸರೇನು ಹೇಳಿ?"

"ವಿರೂಪಾಕ್ಷ."

"ಬಂಗಾರದಂಥ ಹೆಸರು" ಅಂತ ಬರೆದುಕೊಂಡ. ನನ್ನ ಕಾರ್ಡನ್ನು ಮೆಷಿನ್ನಿನ ಹೊಟ್ಟೆಗೆ ಇಟ್ಟು, ಮೇಲೆ ಕಾರ್ಬನ್ ಚೀಟಿ ಹಾಸಿ, ಇಸ್ತ್ರಿ ಮಾಡುವವನ ಹಾಗೆ ಅತ್ತ ಒಂದು ಸಲ ಇತ್ತ ಒಂದು ಸಲ ಕರಕರ ಎಳೆದ. ಚೀಟಿಯ ಮೇಲೆ ನನ್ನ ಹೆಸರು ಮೂಡಿತು, ಬಿಲ್ಲಿನ ಮೇಲೆ ಅವರ ಹೆಸರು. ಎರಡನ್ನೂ ಒಂದೇ ಗುಂಡುಪಿನ್ನಿಗೆ ಚುಚ್ಚಿ ಕೊಟ್ಟ.

ಮದುವೆಯ ದಿನ ಛತ್ರದಲ್ಲಿ ಮುಯ್ಯಿ ಓದುವಾಗ ಮೈಕಿನವನು ಬಿಂದಿಗೆ, ತಟ್ಟೆ, ಗೋಡೆ ಗಡಿಯಾರಗಳನ್ನೆಲ್ಲ ಒಂದೇ ಉಸಿರಿಗೆ ಓದಿಕೊಂಡು ಬಂದು, ನಮ್ಮದಕ್ಕೆ ಬಂದಾಗ ನಿಂತು ಉಸಿರು ಎಳೆದುಕೊಂಡ. "ಹೆಣ್ಣಿನ ಅಣ್ಣನೋರಾದಂಥಾ ಪಿರಿಯಾಪಟ್ಟಣದ ನೀಲಕಂಠಸ್ವಾಮಿ ಮೇಷ್ಟ್ರಿಂದ... ಒಂದು... ಫ್ರಿಜ್ಜೂ! ಬಿಲ್ಲು ಗಂಡಿನ ಹೆಸರಿಗೇ!" ಊಟದ ಸಾಲಿನಲ್ಲಿದ್ದವರೂ ತಲೆ ಎತ್ತಿ ನೋಡಿದರು. ಬೀಗರಾದ ನಂಜಣ್ಣನವರು ಮೀಸೆ ನೀವಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಭಾನುವಾರ ಹೊರಟೆ. ಹುಣಸೂರಿನಲ್ಲಿ ಒಂದು ಬಸ್ಸು, ಕೆ.ಆರ್. ನಗರದಲ್ಲಿ ಇನ್ನೊಂದು. ಎರಡರಲ್ಲೂ ನಿಂತೇ ಹೋದೆ. ಹೊಸ ಅಗ್ರಹಾರದಲ್ಲಿ ನಂಜಣ್ಣನವರದ್ದು ಗದ್ದೆಯೂ ಇದೆ, ಬಸ್ ಸ್ಟಾಂಡಿನ ಪಕ್ಕ ಗೊಬ್ಬರದ ಅಂಗಡಿಯೂ ಇದೆ. ಅಂಗಡಿ ನೋಡಿಕೊಳ್ಳುವವರು ಮಗ ವಿರೂಪಾಕ್ಷ, ನಮ್ಮ ಪೂಜಾಳ ಗಂಡ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಯೂರಿಯಾದ ಮೇಲೆ.

ಫ್ರಿಜ್ಜು ನಡುಮನೆಯಲ್ಲಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿತ್ತು. ಬಾಗಿಲು ತೆರೆದು ಇಟ್ಟಿದ್ದರು. ಅದರ ಮುಂದೆ ಅತ್ತೆ ಸಿದ್ದಲಿಂಗಮ್ಮ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಾ ಕೂತಿದ್ದರು.

"ಬನ್ನಿ ಮೇಷ್ಟ್ರೇ. ನೋಡಿ, ನಿಮ್ಮ ಪೆಟ್ಟಿಗೆ ಬಾಯಿ ಬುಟ್ಕೊಂಡು ಕೂತದೆ."

"ಸರಿ ಮಾಡಿಸ್ತೀನಿ ಅಮ್ಮ."

"ಮಾಡ್ಸಿ. ನಮ್ಮತ್ತೆ ಕಾಲದಲ್ಲಿ ನೆಲುವು ಇತ್ತು. ಹಾಲು-ಮೊಸರು ಇಡಕ್ಕೆ ತೊಲೆಗೆ ಹಗ್ಗದಲ್ಲಿ ಕಟ್ಟಿದ್ದು, ಅಷ್ಟೆ. ಅದು ಕೆಟ್ಟೋಯ್ತು ಅಂತ ಯಾರೂ ಎಲ್ಲೂ ಫೋನ್ ಮಾಡಿದ್ದು ನಾ ಕಾಣೆ." ಎಲೆಯ ತೊಟ್ಟು ಮುರಿದರು. "ಎರಡು ವರ್ಷ ಅಂದಿದ್ಲು ನಿಮ್ಮ ತಂಗಿ. ನಾನೂ ಬೀದಿಯೋರ ತಾವೆಲ್ಲ ಎರಡು ವರ್ಷ ಅಂದೆ. ಈಗ ಅವರು ನನ್ನ ಕೇಳ್ತಾವ್ರೆ."

ಪೂಜಾ ಕಾಫಿ ತಂದು ಕೊಟ್ಟು, ಲೋಟವನ್ನೇ ನೋಡುತ್ತಾ ನಿಂತಳು. ಸಿದ್ದಲಿಂಗಮ್ಮ ಅವಳ ಕಡೆ ತಿರುಗದೆ, ಸಕ್ಕರೆ ಸಾಕಾ ಅಂತ ನನ್ನನ್ನು ಕೇಳಿದರು. ಸಾಕು ಅಂದೆ. ಸಾಕಾಗಿರಲಿಲ್ಲ.

ಬಿಲ್ಲು, ಚೀಟಿ, ಕಂಪನಿಯ ವಾರಂಟಿ ಕಾರ್ಡು ಎಲ್ಲವನ್ನೂ ವಿರೂಪಾಕ್ಷ ಭಾವ ಅಂಗಡಿಯ ಗಲ್ಲಾದಲ್ಲಿ ಜೋಪಾನವಾಗಿ ಇಟ್ಟಿದ್ದರು. ಜೆರಾಕ್ಸ್ ಮಾಡಿಸಿ ಬ್ಯಾಂಕಿನವರ ವಿಳಾಸಕ್ಕೆ ಕಳಿಸಿ, ಕೊಟ್ಟಿದ್ದ ನಂಬರಿಗೆ ಫೋನು ಮಾಡಲು ಶುರು ಮಾಡಿದೆ.

ಆ ನಂಬರಿಗೆ ಫೋನು ಮಾಡುವುದು ಒಂದು ಸಂಜೆಯ ಕೆಲಸ. ಮೊದಲು ಹಾಡು. ಆಮೇಲೆ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡಕ್ಕೆ ಒತ್ತುವುದು ಎಲ್ಲೋ ಕೊನೆಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಲೈನು ಕಟ್ಟಾಗುತ್ತಿತ್ತು. ಪ್ರತಿ ಸಲ ಬೇರೆ ಯಾರೋ. ಪ್ರತಿ ಸಲ ಮದುವೆಯಿಂದ ಶುರು ಮಾಡಿ ಕಾಯಿಲ್‌ವರೆಗೂ ಕಥೆ ಹೇಳಬೇಕು. ಮೊದಮೊದಲು ಕಂಠಪ್ಪನ ದನಿ, ಮೆಕ್ಯಾನಿಕ್ಕಿನ ದನಿ ಎಲ್ಲ ತೆಗೆದು ಹೇಳುತ್ತಿದ್ದೆ. ಬರಬರುತ್ತಾ ಎಲ್ಲರದ್ದೂ ಒಂದೇ ದನಿಯಾಯಿತು, ಅದೂ ದಣಿದದ್ದು.

ಕೊನೆಗೆ ಬೃಂದಾ ಅನ್ನುವ ಹುಡುಗಿ ಸಿಕ್ಕಳು. ಪಠ್ಯಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದಳು.

"ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್. ನಿಮ್ಮ ಕಾಗದಪತ್ರಗಳು ತಲುಪಿವೆ ಸರ್. ಆದರೆ ಬಿಲ್‌ನಲ್ಲಿ ವಿರೂಪಾಕ್ಷ ಎಂದು ಇದೆ. ಅವರು ಯಾರು ಸರ್?"

"ನನ್ನ ತಂಗಿ ಗಂಡ."

"ಅವರು ನಮ್ಮ ಕಾರ್ಡ್ ಹೊಂದಿದ್ದಾರೆಯೇ ಸರ್?"

"ಇಲ್ಲಮ್ಮ. ಅವರು ನನ್ನ ತಂಗಿ ಕೈ ಹಿಡಿದಿದಾರೆ. ಕಾರ್ಡ್ ಹಿಡಿದಿಲ್ಲ."

ಆ ಕಡೆ ಕೀಬೋರ್ಡಿನ ಟಕಟಕ ಕೇಳಿಸಿತು.

"ನೋಡಮ್ಮ, ನೀಲಕಂಠ ಅಂದ್ರೂ ಶಿವ, ವಿರೂಪಾಕ್ಷ ಅಂದ್ರೂ ಶಿವ. ಒಬ್ಬ ದೇವರೇ. ಒಂದು ಹೆಸರು ಗಂಟಲಿಂದ ಬಂತು, ಇನ್ನೊಂದು ಕಣ್ಣಿಂದ ಬಂತು. ಅಡ್ಜಸ್ಟ್ ಮಾಡಕ್ಕಾಗಲ್ವಾ?"

"ಸಿಸ್ಟಮ್ ಒಪ್ಪಲ್ಲ ಸರ್" ಅಂದಳು. ಆ ಒಂದು ವಾಕ್ಯ ಮಾತ್ರ ಮನುಷ್ಯರು ಮಾತಾಡಿದ ಹಾಗಿತ್ತು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಸರ್, ಒಂದು ದಾರಿ ಇದೆ. ಬಿಲ್‌ನಲ್ಲಿ ಹೆಸರಿರೋರು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡಬೇಕು. ವಸ್ತು ನಿಮ್ಮದು, ಅದರ ಮೇಲೆ ಅವರಿಗೆ ಹಕ್ಕಿಲ್ಲ ಅಂತ. ನಾವೇ ಒಂದು ನಮೂನೆ ಕಳಿಸ್ತೀವಿ. ಅದು ಬಂದ್ರೆ ಪಾಸ್ ಆಗತ್ತೆ ಸರ್" ಅಂದಳು.

ಅದಕ್ಕೂ ಮುಂಚೆ ಒಂದು ಕೈ ನೋಡೋಣ ಅಂತ ಹುಣಸೂರಿನಲ್ಲಿ ಇಳಿದು ಕಂಠಪ್ಪನ ಅಂಗಡಿಗೆ ಹೋದೆ. ಬಿಲ್ಲು ಬದಲಾಯಿಸಿ ಕೊಡ್ತೀಯಾ ಅಂದೆ.

"ಅಯ್ಯೋ ಸಾ, ಹೋದ ವರ್ಷದ ಬಿಲ್ಲೆಲ್ಲ ಟ್ಯಾಕ್ಸ್‌ನೋರ ಮುಂದೆ ಹೋಗಾಯ್ತು. ಈಗ ತಿದ್ದಿದ್ರೆ ನನ್ನ ಅಂಗಡಿ ಬಾಗಿಲಿಗೆ ಅವರ ಬೀಗ." ನಿಜವಾಗಿ ನೊಂದುಕೊಂಡ. "ಇಷ್ಟು ಮದ್ವೆ ಸಾಮಾನು ಮಾರಿದೀನಿ. ಕಾರ್ಡ್ ಒಬ್ರುದು, ಬಿಲ್ಲು ಒಬ್ರುದು ಆದ್ರೆ ಹಿಂಗೂ ಒಂದು ಅದೆ ಅಂತ ಯಾರೂ ಹೇಳ್ಲಿಲ್ಲ ನೋಡಿ. ಮುಂದಕ್ಕೆ ಕೇಳ್ತೀನಿ ಬುಡಿ."

ಕಂಡಿಷನ್ ಬೇರೆ, ವಾರಂಟಿ ಬೇರೆ. ಪಾಠ ಮಾಡುವಾಗ ಇದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತು!

ನಮೂನೆ ಬಂತು. ಕೆ.ಆರ್. ನಗರದ ಕೋರ್ಟಿನ ಮುಂದೆ ಟೈಪ್ ಮಾಡಿಸಿದೆ. ಟೈಪಿಸ್ಟು ಕನ್ನಡದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದ. ಅದನ್ನು ಹಿಡಿದು ಮತ್ತೆ ಹೊಸ ಅಗ್ರಹಾರಕ್ಕೆ ಹೋದಾಗ ನಂಜಣ್ಣನವರು ಜಗಲಿಯ ಮೇಲಿದ್ದರು. ವಿರೂಪಾಕ್ಷ ಭಾವ ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಕಾಗದವನ್ನು ಭಾವನ ಕೈಗೆ ಕೊಡುವ ಮೊದಲೇ ನಂಜಣ್ಣನವರು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದಿದರು.

"'ಸದರಿ ವಸ್ತುವು ಶ್ರೀ ನೀಲಕಂಠಸ್ವಾಮಿ ಇವರ ಸ್ವಂತದ್ದಾಗಿದ್ದು, ಇದರ ಮೇಲೆ ನನಗಾಗಲೀ ನನ್ನ ಮನೆಯವರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲ.'" ಕನ್ನಡಕದ ಮೇಲಿನಿಂದ ನೋಡಿದರು. "ಏನು ಮೇಷ್ಟ್ರೇ ಇದು? ಛತ್ರದಲ್ಲಿ ಮೈಕಲ್ಲಿ ಕೂಗ್ಸಿದ್ದು ಒಂದು, ಈಗ ಬರೆಸ್ಕಂಡು ಬಂದಿರದು ಒಂದು."

"ಅದು ಬ್ಯಾಂಕಿನೋರಿಗೆ ತೋರ್ಸಕ್ಕೆ ಅಷ್ಟೇ ಮಾವ. ಬರೀ ಕಾಗದ."

"ಬರೀ ಕಾಗದ ಅಂತೀರಿ. ನಮ್ಮ ಗದ್ದೆನೂ ಬರೀ ಕಾಗದವೇ. ಮನೇನೂ ಕಾಗದವೇ. ನಾನು ಆಯುಧಪೂಜೆ ದಿವ್ಸ ಸ್ನಾನ ಮಾಡ್ಕಂಡು ಇದೇ ಕೈಲಿ ವಿಭೂತಿ ಇಟ್ಟಿರೋ ಸಾಮಾನು. ಅದು ನಮ್ದಲ್ಲ ಅಂತ ನನ್ನ ಮಗ ಸ್ಟಾಂಪ್ ಪೇಪರ್ ಮೇಲೆ ಬರಕೊಡ್ಬೇಕಾ?"

ನಗಿಸಿ ದಾಟಿಸೋಣ ಅಂದರೆ ಒಂದು ಮಾತೂ ಹೊಳೆಯಲಿಲ್ಲ. ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿಕೊಂಡಿತ್ತು. ಕೂತರೆ ಸಾಕು ಅನ್ನಿಸುತ್ತಿತ್ತು. ಕೂತುಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ.

"ಹರಿದಾಕಿ ಇದನ್ನ" ಅಂದರು ನಂಜಣ್ಣನವರು, ಸ್ವಲ್ಪ ಮೆತ್ತಗೆ. "ರಿಪೇರಿ ಎಷ್ಟಾದ್ರೂ ಆಗ್ಲಿ, ನಾನೇ ಮಾಡಿಸ್ತೀನಿ. ನಮಗೇನು ಬರ ಬಂದಿಲ್ಲ. ಎರಡು ವರ್ಷದ ಮಾತು ಇಲ್ಲಿಗೆ ಬುಡಿ."

ಬಾಗಿಲ ಮರೆಯಿಂದ ಪೂಜಾ ಈಚೆಗೆ ಬಂದಳು. ಆ ಮನೆಯಲ್ಲಿ ಗಂಡಸರು ಮಾತಾಡುವಾಗ ಅವಳು ಜಗಲಿಗೆ ಬಂದದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಬುಡಕ್ಕಾಗಲ್ಲ ಮಾವ" ಅಂದಳು. "ನೀವು ಮಾಡಿಸ್ತೀರಿ, ಅದು ದೊಡ್ಡದಲ್ಲ. ನಾನು ಎರಡು ವರ್ಷ ಅಂದಿದ್ದೆ. ನೀವು ಮಾಡಿಸಿದ್ರೆ ನಾನು ಅಂದಿದ್ದು ಸುಳ್ಳು ಅಂತಲೇ ಉಳಕತದೆ. ನಾಳೆ ನಾನು ಏನಂದ್ರೂ ಇದನ್ನೇ ಎತ್ತಿ ತೋರಿಸ್ತಾರೆ."

"ಯಾರವ್ವ ತೋರ್ಸೋರು?" ಅಂತ ಒಳಗಿನಿಂದ ಸಿದ್ದಲಿಂಗಮ್ಮ ಕೇಳಿದರು.

ವಿರೂಪಾಕ್ಷ ಭಾವ ಎದ್ದು ಕೈ ತೊಳೆದುಕೊಂಡು ಬಂದರು. ಅಪ್ಪನ ತೊಡೆಯ ಮೇಲಿದ್ದ ಕಾಗದ ತೆಗೆದುಕೊಂಡರು. ಜೇಬಿನಿಂದ ಪೆನ್ನು ತೆಗೆದರು.

"ಹಾಕ್ತಿಯೇನ್ಲಾ?" ಅಂದರು ನಂಜಣ್ಣನವರು.

"ಹೇಳ್ದೋಳು ನನ್ನ ಹೆಂಡ್ತಿ ಕಣಪ್ಪ. ಅಂಗಡೀಲಿ ನಾನು ಒಂದು ಮಾತು ಅಂದ್ರೆ ಉಳಿಸ್ಕಬೇಕು ಅಂತ ನೀನೇ ಹೇಳಿಕೊಟ್ಟಿದ್ದು."

"ಹಾಕು. ಹಾಕಾದ್ ಮೇಲೆ ಅದು ಮೇಷ್ಟ್ರ ಸಾಮಾನು. ಇನ್ನೊಬ್ಬರ ಸಾಮಾನ ಈ ಮನೇಲಿ ಯಾರೂ ಮುಟ್ಟಲ್ಲ. ತಿಳ್ಕ."

ಭಾವ ಸಹಿ ಹಾಕಿದರು. ಯೂರಿಯಾದ ಮೇಲಲ್ಲದೆ ಅಷ್ಟು ಮಾತಾಡಿದ ದಣಿವಿಗೋ ಏನೋ, ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಅಂಗಡಿಗೆ ಹೋದರು. ಬಿಳಿ ಜೇಬಿನ ಮೇಲೆ ಶಾಯಿ ಹರಡುತ್ತಿತ್ತು.

ಕಾರ್ಡಿನವರು ಮಾತು ತಪ್ಪಲಿಲ್ಲ. ಸ್ವಲ್ಪ ದಿನ ಆಡಿಸಿದರೂ ಮೈಸೂರಿನಿಂದ ಮೆಕ್ಯಾನಿಕ್ಕನ್ನು ಕಳಿಸಿ, ಹೊಸ ಕಾಯಿಲ್ ಹಾಕಿಸಿ, ಗ್ಯಾಸ್ ತುಂಬಿಸಿ, ಕಾಸು ಕೇಳದೆ ಹೋದರು. ಪೂಜಾ ಫೋನು ಮಾಡಿ, "ಆಯ್ತಣ್ಣ, ತಣ್ಣಗಾಯ್ತು" ಅಂದಳು. ಫ್ರಿಜ್ಜೋ ಮನೆಯೋ ಅಂತ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ದೀಪಾವಳಿಯ ತವರಿನ ಬಾಗಿನ ಕೊಡಲು ಹೋದಾಗ ನಡುಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಹೊಸದಾಗಿ ಉಳಿದಿತ್ತು. ಪಕ್ಕದ ಮನೆಯವರೊಬ್ಬರು ಸಿದ್ದಲಿಂಗಮ್ಮನ ಜತೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು.

"ಇವರೇ ಕಣವ್ವ ನನ್ನ ಸೊಸೆ ಅಣ್ಣ" ಅಂದರು ಸಿದ್ದಲಿಂಗಮ್ಮ. "ಎರಡು ವರ್ಷ ಅಂತ ನನ್ನ ಸೊಸೆ ಅಂದಿದ್ಲು. ಅಂಗೇ ಬ್ಯಾಂಕ್‌ನೋರು ಬಂದು ಮಾಡ್ಕೊಟ್ಟು ಹೋದ್ರು. ಅವಳು ಸುಮ್‌ಸುಮ್ಕೆ ಏನೂ ಹೇಳಲ್ಲ."

ಅಡುಗೆಮನೆಯ ಬಾಗಿಲಲ್ಲಿ ಪೂಜಾ ನಿಂತಿದ್ದಳು. ಕೇಳಿಸಿಕೊಂಡಳು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಮತ್ತೆ ಫ್ರಿಜ್ಜು ಎಲ್ಲಮ್ಮ?" ಅಂದೆ.

"ಹಿತ್ತಲ ಕಡೆ ರೂಮಲ್ಲಿ ಮಡಗಿದೀವಿ. ನಿಮ್ಮ ಸಾಮಾನಲ್ವಾ ಮೇಷ್ಟ್ರೇ, ಓಡಾಡೋ ಜಾಗದಲ್ಲಿ ಹೆಚ್ಚುಕಮ್ಮಿ ಆದ್ರೆ ನಮ್ಮ ಮೇಲೆ ಬತ್ತದೆ." ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಜೋಪಾನದ ಮಾತೇ ಅದು.

ಪೂಜಾ ನನ್ನನ್ನು ಹಿತ್ತಲ ರೂಮಿಗೆ ಕರೆದುಕೊಂಡು ಹೋದಳು. ಗೊಬ್ಬರದ ಖಾಲಿ ಚೀಲಗಳ ಪಕ್ಕ ಫ್ರಿಜ್ಜು ಗುಯ್ಯೆನ್ನುತ್ತಿತ್ತು. ಬಾಗಿಲು ತೆಗೆದೆ. ದೀಪ ಹತ್ತಿತು. ಇಡೀ ಫ್ರಿಜ್ಜಿನಲ್ಲಿ ಒಂದು ಸಣ್ಣ ಡಬರಿಯಲ್ಲಿ ಮೊಸರು, ಅಷ್ಟೆ.

"ನೀನು ಬರ್ತೀಯ ಅಂತ ಇಟ್ಟಿದ್ದೆ. ಬೇರೆ ಯಾರೂ ಏನೂ ಇಡಲ್ಲ. ಮಾವ ತಣ್ಣೀರು ಕೂಡ ಮುಟ್ಟಲ್ಲ. ಇವರು ಮಾತ್ರ ಬಿಸಿಲಲ್ಲಿ ಬಂದಾಗ ಒಂದೊಂದು ಸಲ ಹಿತ್ತಲ ಬಾಗಿಲಿಂದ ಬಂದು ಒಂದು ಲೋಟ ಕುಡ್ಕಂಡು ಹೋಗ್ತಾರೆ." ಅಷ್ಟಕ್ಕೆ ಅವಳಿಗೆ ಸ್ವಲ್ಪ ನಗು ಬಂತು. ಹೋಯಿತು.

"ತಂದು ಕೊಟ್ಟಿದ್ದೇ ತಪ್ಪಾಯ್ತೇನೋ" ಅಂದೆ.

"ಹಂಗನ್ಬೇಡ. ಅತ್ತೆ ಅಂದಿದ್ದು ಕೇಳಿಸ್ಕಂಡ್ಯಲ್ಲ. ನನಗೆ ಅದೇ ಬೇಕಾಗಿತ್ತು, ಅದು ಸಿಕ್ತು." ಮೊಸರಿನ ಡಬರಿ ತೆಗೆದು ಬಾಗಿಲು ಮುಚ್ಚಿದಳು. ಬಾಗಿಲಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: "ಅಣ್ಣ, ಕಾರ್ಡ್‌ನೋರದ್ದು ಯಾವಾಗ ಮುಗೀತದೆ?"

"ಬರೋ ವೈಶಾಖಕ್ಕೆ. ಯಾಕೆ? ಮತ್ತೇನಾದ್ರೂ ಕೆಟ್ಟದಾ?"

"ಇಲ್ಲ. ಮುಗೀಲಿ ಅಂತ" ಅಂದಳು. "ಮುಗಿದ್ ಮೇಲೆ ಕೆಟ್ರೆ ನಾವೇ ಮಾಡಿಸ್ಕತೀವಿ. ಆಗ ಅದು ಈ ಮನೇದಾಗ್ತದೆ."

ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಒಳಗಿನಿಂದ ನಂಜಣ್ಣನವರು ಕರೆದರು. ಪೂಜಾ ಮೊಸರು ಹಿಡಿದುಕೊಂಡು ಮುಂದೆ ಹೋದಳು. ನಾನು ಅವಳ ಹಿಂದೆ ಹೋಗಿ, ಎಲೆಯ ಮುಂದೆ ಕೂತೆ.